ಮೊಣಕಾಲಿನ ಗಾಯ, ಒಂದೇ ಜೀನ್

ಮೊನ್ನೆ ಗೋಳಗುಮ್ಮಟದ ಹತ್ತಿರ ಸ್ಕೂಟಿ ಜಾರಿ ಮೊಣಕಾಲು ತರಚಿತು. ಅವ್ವ ಅರಿಶಿನ ಹಚ್ಚಿದಳು. ನಾನು ಫೈಬ್ರೊನೆಕ್ಟಿನ್ ಬಗ್ಗೆ ಯೋಚಿಸುತ್ತ ಕೂತೆ. ಎಮ್ಮೆಸ್ಸಿ ಓದಿದವರ ಹಣೆಬರಹ!

ಫೈಬ್ರೊನೆಕ್ಟಿನ್ ಅಂದರೆ ಜೀವಕೋಶಗಳ ಸುತ್ತಲಿನ ಜಾಲದ ಒಂದು ಪ್ರೋಟೀನ್. ಮನುಷ್ಯರಲ್ಲಿ ಇದಕ್ಕಿರುವುದು ಒಂದೇ ಜೀನ್, 2ನೇ ಕ್ರೋಮೋಸೋಮ್‌ನಲ್ಲಿ. ಆದರೂ ಸುಮಾರು 20 ರೂಪ ಬರಬಲ್ಲವು. ಜೀನಿನ ಆರ್‌ಎನ್‌ಎ ನಕಲನ್ನು ಕತ್ತರಿಸಿ ಜೋಡಿಸುವಾಗ (ಇದೇ ಸ್ಪ್ಲೈಸಿಂಗ್) ಕೆಲವು ಎಕ್ಸಾನ್‌ಗಳನ್ನು, ಅಂದರೆ ಜೋಡಣೆಯಲ್ಲಿ ಉಳಿಯುವ ಜೀನಿನ ತುಣುಕುಗಳನ್ನು, ಇಟ್ಟುಕೊಳ್ಳಲೂಬಹುದು, ಬಿಡಲೂಬಹುದು. ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಫೈಬ್ರೊನೆಕ್ಟಿನ್‌ನಲ್ಲಿ ಇಡಿಎ, ಇಡಿಬಿ ಎಂಬ ಎರಡು ತುಂಡುಗಳು ಇರುವುದಿಲ್ಲ. ಗಾಯ ಮಾಯುವ ಜಾಗದ ಕೋಶಗಳು ಅವನ್ನು ಸೇರಿಸಿಕೊಳ್ಳುತ್ತವೆ. ಅಂದರೆ ನನ್ನ ಮೊಣಕಾಲಲ್ಲಿ ಈಗ ಬೇರೆಯದೇ ಎಡಿಷನ್ ತಯಾರಾಗುತ್ತಿದೆ, ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಜೀನಿನ ಜೋಡಣೆ. ಈ ಪ್ರೋಟೀನಿನಲ್ಲಿ ಮತ್ತೆ ಮತ್ತೆ ಬರುವ, ಟೈಪ್ 3 ಎಂಬ ತುಂಡುಗಳಲ್ಲಿ ಹೆಚ್ಚಿನವಕ್ಕೆ ಎರಡೆರಡು ಎಕ್ಸಾನ್. ಇಡಿಎ, ಇಡಿಬಿಗೆ ತಲಾ ಒಂದೇ. ಸರದಿಂದ ಒಂದು ಮಣಿ ತೆಗೆದ ಹಾಗೆ ಇಡೀ ತುಂಡನ್ನು ಬಿಡಬಹುದು, ಮುಂದಿನ ಸಾಲು ಕೆಡುವುದಿಲ್ಲ. ಸುಮ್ನೆ ಆದದ್ದಲ್ಲ ಅನ್ನಿಸುತ್ತದೆ.

ಪ್ರೋಟೀನ್ ತಯಾರಿಸುವ ಜೀನ್‌ಗಳು ನಮ್ಮಲ್ಲಿ ಸುಮಾರು 20,000 ಅಷ್ಟೇ ಎಂದು ಮೊದಲು ಓದಿದಾಗ, ಇಷ್ಟು ಕಡಿಮೆಯಾ ಅಂದುಕೊಂಡಿದ್ದೆ. ಈಗ ಅದೇ ಜಾಸ್ತಿ ಅನ್ನಿಸುತ್ತಿದೆ.