ಕುಮಟಾ ಹತ್ತಿಯ ಹಾದಿಯಲ್ಲಿ

ಅಣ್ಣಿಗೇರಿ ದಾಟಿದರೆ ರಸ್ತೆಯ ಎರಡೂ ಬದಿಗೆ ಎರೆಹೊಲ. ಫೆಬ್ರವರಿಯಲ್ಲಿ ನಾವು ಹೋದಾಗ ಕಡಲೆಯ ಒಕ್ಕಣೆ ನಡೆದಿತ್ತು. ಹತ್ತಿ ಕಂಡದ್ದು ಅಲ್ಲೊಂದು ಇಲ್ಲೊಂದು ಹೊಲದಲ್ಲಿ ಮಾತ್ರ. ಒಂದು ಕಾಲಕ್ಕೆ ಇಂಗ್ಲೆಂಡಿನ ಲಂಕಾಷೈರಿನ ಬಟ್ಟೆ ಗಿರಣಿಗಳು ಕಣ್ಣಿಟ್ಟಿದ್ದ ನೆಲವಿದು. ಇಲ್ಲಿನ ಜವಾರಿ ಹತ್ತಿಗೆ ಪರದೇಶದ ಪೇಟೆಯಲ್ಲಿ ಹಡಗು ಹತ್ತುವ ಬಂದರಿನಿಂದಾಗಿ ‘ಕುಮಟಾ’ ಎಂಬ ಹೆಸರು ಬಿತ್ತು. ಇನ್ನೊಂದು ತಳಿ ‘ಧಾರವಾಡ ಅಮೆರಿಕನ್’, ಜನರ ಬಾಯಲ್ಲಿ ವಿಲಾಯತಿ ಹತ್ತಿ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಬಿತ್ತಿಸಿತ್ತು. ಬೇರೆಡೆ ಬಹುಪಾಲು ಸೋತ ಆ ಪ್ರಯೋಗ ಇಲ್ಲಿ ಬೇರು ಬಿಟ್ಟಿತು.

ಬದುವಿನಲ್ಲಿ ಸಿಕ್ಕ ಹಿರಿಯರೊಬ್ಬರು, “ನಮ್ಮ ಮುತ್ತಜ್ಜ ವಿಲಾಯತಿ ಹತ್ತಿ ಬಿತ್ತುತ್ತಿದ್ದರಂತೆ ತಮ್ಮಾ. ಜೋಳ ಮನೆಗೆ, ಹತ್ತಿ ಕಂದಾಯಕ್ಕೆ” ಎಂದರು. ಸರ್ಕಾರ ಸರ್ವೆ ಮಾಡಿಸಿ 30 ವರ್ಷಕ್ಕೆ ಗೊತ್ತುಮಾಡಿದ ಕಂದಾಯವನ್ನು ರೈತ ನಗದಿನಲ್ಲೇ ಕಟ್ಟಬೇಕಿತ್ತು.

ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹರವಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ವಿಲಾಯತಿಯ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದಕ್ಕೆ ಗರಗಸದ ಹಲ್ಲಿನ ಜಿನ್ ಯಂತ್ರವೇ ಬೇಕು. ಧಾರವಾಡದಲ್ಲಿ ಸರ್ಕಾರ ಅಂಥ ಯಂತ್ರಗಳ ಕಾರ್ಖಾನೆಯನ್ನೇ ನಡೆಸಿತು. ಹೊಸ ಬೀಜದ ಹಿಂದೆಯೇ ಹೊಸ ಯಂತ್ರವೂ ಬಂತು, ಯಂತ್ರವಿದ್ದವನ ಮರ್ಜಿಯೂ ಬಂತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಒಳ್ಳೆಯದಕ್ಕೆ ಕೆಟ್ಟದ್ದನ್ನು ಬೆರೆಸುವ ದಂಧೆಯೂ ಜೊತೆಗೇ ಬೆಳೆಯಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯಿದೆ ತಂದಿತು.

ಹುಬ್ಬಳ್ಳಿ, ಯಲ್ಲಾಪುರ ದಾಟಿ ಶಿರಸಿಯಲ್ಲಿ ಉಳಿದೆವು. ಮರುದಿನ ದೇವಿಮನೆ ಘಾಟಿಯ ಇಳಿಜಾರು. ಬಯಲಿನ ಬಿಸಿಲಿನಿಂದ ಬಂದವರಿಗೆ ಆ ಕಾಡಿನ ತಂಪು ಮೈಗೆ ಹಿತ. ನನ್ನ ಮನಸ್ಸೆಲ್ಲ ಎತ್ತುಗಳ ಮೇಲಿತ್ತು. ಎರೆನಾಡಿನಿಂದ ಕಡಲವರೆಗೆ ಹೇರು ಬಂದದ್ದು ಗಾಡಿಯಲ್ಲಿ, ಅದಕ್ಕೂ ಹಿಂದೆ ಎತ್ತಿನ ಬೆನ್ನಿನ ಮೇಲೆ. ಒಂದೊಂದು ತಿರುವಿನಲ್ಲೂ ಗಾಡಿ ಹಿಡಿದು ನಿಲ್ಲಿಸಿದವರ ಹೆಸರು ಯಾವ ದಾಖಲೆಯಲ್ಲೂ ಇರಲಾರದು. ಹತ್ತಿಯ ಚರಿತ್ರೆ ಬರೆಯುವವರು ಮೊದಲು ಈ ಘಾಟಿಯನ್ನು ನಡೆದು ಇಳಿಯಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಕುಮಟೆಯಲ್ಲಿ ಇಂದು ಮೀನು ದೋಣಿಗಳಿವೆ, ಹತ್ತಿಯ ಸುಳಿವಿಲ್ಲ. ಅಲ್ಲಿಂದ ಕಾರವಾರಕ್ಕೆ ಹೊರಟೆವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರಲ್ಲಿ ಕಾರವಾರ ಬಂದರಿನ ಆಸೆಯೂ ಇತ್ತು. ಹತ್ತಿಯ ಹೊಲ ಮುಂಬಯಿಯದು, ಬಂದರು ಮದ್ರಾಸಿನದು ಎಂಬುದು ವ್ಯಾಪಾರಿಗಳಿಗೆ ಒಗ್ಗದ ಮಾತಾಗಿತ್ತು. ಗಿರಣಿಗಳ ಅವಸರಕ್ಕೆ ಒಂದು ಜಿಲ್ಲೆಯ ಗಡಿಯೇ ಸರಿಯಿತು!

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂಬಯಿಯ ದೊಡ್ಡ ಸಾಹುಕಾರರೇ ದಿವಾಳಿಯಾದರು. ಹನ್ನೊಂದು ವರ್ಷಕ್ಕೆ, 1876ರಲ್ಲಿ, ಮಳೆ ಕೈಕೊಟ್ಟು ಇದೇ ಎರೆನಾಡಿನಲ್ಲಿ ಜನ ಹಸಿವಿನಿಂದ ಸತ್ತರು. ಆ ಬರದ ಪಾಠವೆಂದು ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹಸಿದ ಊರಿಗೆ ಕಾಳು ತರಲೆಂದು ಹಾಕಿದ ಹಳಿಯ ಮೇಲೆ, 1880ರ ದಶಕದ ಕೊನೆಯ ಹೊತ್ತಿಗೆ, ಹತ್ತಿ ಗೋವೆಯ ಮಾರ್ಮಗೋವಾ ಬಂದರಿಗೆ ಸಾಗತೊಡಗಿತು. ರೈಲನ್ನು ನಾನು ಹಳಿಯುವುದಿಲ್ಲ. ಬರಗಾಲದಲ್ಲಿ ಅದು ಜೀವ ಉಳಿಸಬಲ್ಲದು. ಆದರೆ ಘಾಟಿಯ ಗಾಡಿಯವರಿಗೂ ಕುಮಟೆಯ ಹಮಾಲರಿಗೂ ಬದಲಿ ದುಡಿಮೆಯ ಏರ್ಪಾಡು ಮಾಡದೆ ಹೋದದ್ದನ್ನು ಪ್ರಗತಿ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಹಿಂತಿರುಗುವಾಗ ಅಂಕೋಲಾದಿಂದ ಅರಬೈಲ್ ಘಾಟಿ ಹತ್ತಿದೆವು. ಮುಂದೆಯೂ ಹಿಂದೆಯೂ ಲಾರಿಗಳ ಸಾಲು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಯೋಜನೆ ದಶಕಗಳಿಂದ ಇದೇ ಕಾಡಿನ ವಿಚಾರದಲ್ಲಿ ತಡೆದು ನಿಂತಿದೆ.