ಎರಡು ಗಂಟೆ ಆಟ ಆಡಿದೀವಂತೆ ನಾವು

ದಸರಾ ರಜೆಗೆ ಅಕ್ಕ ಮತ್ತೆ ಅವಳ ಮಗ ಮನೆಗೆ ಬಂದಿದ್ರು, ಹುಡುಗ ಬಂದವನೇ ಬ್ಯಾಗ್ ಬಿಸಾಕಿ "ಮಾಮ ಸೇಲ್ ಹಾಕಿದಾರೆ, ಮೂರು ಸಾವಿರ ಚಿಲ್ರೆದು ಅರ್ಧ ರೇಟಿಗೆ ಬಂದಿದೆ" ಅಂತ ಶುರು ಹಚ್ಕೊಂಡ. ನನಗೂ ಆ ಕಂಪ್ಯೂಟರ್ ಗೇಮ್ ಮೇಲೆ ಮೊದಲಿಂದ ಕಣ್ಣಿತ್ತು ಅನ್ನಿ. ಸ್ಟೋರ್ ಪೇಜಲ್ಲಿ ಯಾವ ಪ್ರೊಸೆಸರ್ ಬೇಕು, ಎಷ್ಟು ರ್‍ಯಾಮ್ ಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ಹಾಕಿರ್ತಾರಲ್ಲ, ಅದನ್ನ ಸಾಲು ಸಾಲಾಗಿ ಚೆಕ್ ಮಾಡಿ, ನನ್ನ ಲ್ಯಾಪ್‌ಟಾಪ್ ರೆಕಮೆಂಡೆಡ್ ಲಿಸ್ಟಿಗೇ ಸರಿಹೋಗತ್ತೆ ಅಂತ ಗ್ಯಾರಂಟಿ ಆದ್ಮೇಲೇ ದುಡ್ಡು ಕಟ್ಟಿದ್ದು. ರಾತ್ರಿ ಇಡೀ ಡೌನ್‌ಲೋಡಿಗೆ ಇಟ್ಟು ಮಲಗಿದ್ವಿ.

ಬೆಳಿಗ್ಗೆ ಓಪನ್ ಮಾಡಿದ್ರೆ ಗೇಮ್ ಬರಲ್ಲ, ಗೇಮ್ ಮಾಡಿದ ಕಂಪನಿಯವರ ಇನ್ನೊಂದು ಲಾಂಚರ್, ಅಂದ್ರೆ ಗೇಮ್ ಶುರು ಮಾಡೋಕೆ ಇರೋ ಬೇರೆ ಆ್ಯಪ್, ಬರತ್ತೆ. ಅದಕ್ಕೆ ಬೇರೆ ಅಕೌಂಟು, ಬೇರೆ ಪಾಸ್‌ವರ್ಡು, ಕೋಡ್ ಕಳಿಸಿದೀವಿ ಅಂತಾರೆ, ಮೇಲ್ ನೋಡಿದ್ರೆ ಸ್ಪ್ಯಾಮಲ್ಲಿ ಬಿದ್ದಿದೆ. ಅದೆಲ್ಲ ಮುಗೀತು ಅಂದ್ರೆ ಲಾಂಚರಿಗೇ ಒಂದು ಅಪ್‌ಡೇಟು. ಆಮೇಲೆ ಕಪ್ಪು ಸ್ಕ್ರೀನು, ಕೆಳಗಡೆ ಒಂದು ತೆಳ್ಳಗಿನ ಬಿಳಿ ಗೆರೆ, ಶೇಡರ್ ಕಂಪೈಲ್ ಆಗ್ತಿದೆ ಅಂತ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪುಟ್ಟ ಪುಟ್ಟ ಪ್ರೋಗ್ರಾಮ್‌ಗಳನ್ನ ನಮ್ಮ ಮಷೀನಲ್ಲೇ ರೆಡಿ ಮಾಡ್ಕೊಳ್ಳೋ ಕೆಲಸ ಅದು. ಗೆರೆ ಆಮೆ ಥರ ಅರವತ್ತು ಪರ್ಸೆಂಟ್ ದಾಟತ್ತೆ, ಟಪ್ ಅಂತ ಕ್ರ್ಯಾಶು. ಮತ್ತೆ ತೆಗೆದ್ರೆ ಮತ್ತೆ ಸೊನ್ನೆಯಿಂದ. ಅಕ್ಕ ಅಡುಗೆಮನೆಯಿಂದ "ದೋಸೆ ಆರೋಗತ್ತೆ ಬರ್ರೋ" ಅಂತ ಕೂಗ್ತಾನೇ ಇದ್ಲು, ತಟ್ಟೆ ತಂದು ಲ್ಯಾಪ್‌ಟಾಪ್ ಮುಂದೇನೇ ಕೂತು ತಿಂದ್ವಿ.

ಗ್ರಾಫಿಕ್ಸ್ ಕಾರ್ಡ್ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಸೆಟ್ಟಿಂಗ್ಸ್ ಎಲ್ಲಾ ಲೋ ಮಾಡಿ, ಅಂತೂ ಇಂತೂ ಶುರುವಾಯ್ತು. ಕುದುರೆ ಮೇಲೆ ಒಬ್ಬ ಮುದುಕ ಬರ್ತಾನೆ, ಇಳೀತಾನೆ, ಏನೋ ಹೇಳೋಕೆ ಬಾಯಿ ತೆಗೀತಾನೆ, ಅಷ್ಟೇ, ಡೆಸ್ಕ್‌ಟಾಪ್ ವಾಲ್‌ಪೇಪರ್ ಬಂದ್ಬಿಡತ್ತೆ. ಎಷ್ಟು ಸಲ ಹಾಕಿದ್ರೂ ಆ ಮುದುಕನ ಮಾತು ಕೇಳೋ ಭಾಗ್ಯ ಬರ್ಲಿಲ್ಲ. ಹುಡುಗ ಆಮೇಲೆ ಇಡೀ ದಿನ ಮನೆ ತುಂಬ ಹಂಗೇ ಬಾಯಿ ತೆಗೆದು ನಿಂತ್ಕೊಂಡು ನಗಿಸ್ತಿದ್ದ.

ಸರಿ, ರಿಫಂಡ್ ಕೇಳೋಣ ಅಂತ ಫಾರ್ಮ್ ತುಂಬಿದೆ. ಕ್ರ್ಯಾಶ್ ಎರರ್ ಸ್ಕ್ರೀನ್‌ಶಾಟ್ ಕೂಡ ಹಾಕಿದೆ. ಸ್ವಲ್ಪ ಹೊತ್ತಿಗೇ ಉತ್ತರ ಬಂತು: ನೀವು ಎರಡು ಗಂಟೆಗಿಂತ ಜಾಸ್ತಿ ಆಡಿದೀರ, ಪಾಲಿಸಿ ಪ್ರಕಾರ ದುಡ್ಡು ವಾಪಸ್ ಬರಲ್ಲ. ಆಡಿದೀರಂತೆ! ಲಾಂಚರ್ ಅಪ್‌ಡೇಟ್ ಆಗಿದ್ದು, ಗೆರೆ ತೆವಳಿದ್ದು, ನಾವು ದೋಸೆ ತಿಂದಿದ್ದು ಎಲ್ಲಾ ಅವರ ಲೆಕ್ಕದಲ್ಲಿ ಆಟ. ಅಂಗಡೀಲಿ ತಂದ ಮಿಕ್ಸಿ ತಿರುಗ್ದೇ ಇದ್ರೆ, ಪ್ಲಗ್ ಹಾಕಿ ಎಷ್ಟೊತ್ತಾಯ್ತು ಸಾರ್ ಅಂತ ಯಾರಾದ್ರೂ ಕೇಳ್ತಾರಾ?

ಈ ಎರಡು ಗಂಟೆ ರೂಲ್ ಎಲ್ಲಿಂದ ಬಂತು ಅಂದ್ರೆ, 2015ರ ಜೂನಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯವರು ಶುರು ಮಾಡಿದ್ದು, ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ಕಾರಣ ಏನೇ ಇರ್ಲಿ ರಿಫಂಡ್. ಎಪಿಕ್ ಅನ್ನೋ ಇನ್ನೊಂದು ಅಂಗಡಿಯವರದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ. ನಿಜ ಹೇಳ್ಬೇಕಂದ್ರೆ ಇಷ್ಟ ಆಗ್ಲಿಲ್ಲ ಅಂತ ವಾಪಸ್ ಕೊಡೋರಿಗೆ ಇದು ಒಳ್ಳೇ ರೂಲೇ. ಅದಕ್ಕಿಂತ ಜಾಸ್ತಿ ಕೊಡಿ ಅಂತ ನಾನೂ ಕೇಳಲ್ಲ, ಯಾಕಂದ್ರೆ 2021ರಲ್ಲಿ ಸಮ್ಮರ್ ಆಫ್ 58 ಅಂತ ಒಂದು ಚಿಕ್ಕ ಹಾರರ್ ಗೇಮ್ ಮಾಡಿದವರು, ಜನ ಎರಡು ಗಂಟೆಯೊಳಗೆ ಪೂರ್ತಿ ಮುಗಿಸಿ ದುಡ್ಡೂ ವಾಪಸ್ ತಗೋತಿದಾರೆ, ಇನ್ನು ಗೇಮ್ ಮಾಡೋದೇ ಬಿಡ್ತೀನಿ ಅಂದಿದ್ರು. ಅವರ ಹೊಟ್ಟೆ ಮೇಲೂ ಹೊಡೀಬಾರ್ದು. ಆ ಕಡೆ ಗಾಗ್ ಅನ್ನೋ ಗೇಮ್ ಅಂಗಡಿಯವರು 2020ರಿಂದ 30 ದಿನ ಟೈಮ್ ಕೊಡ್ತಾರೆ, ಆಡಿದ್ರೂ ಪರವಾಗಿಲ್ಲ ಅಂತಾರೆ, ಅದು ಜನರ ಮೇಲೆ ಅವರಿಟ್ಟಿರೋ ನಂಬಿಕೆ.

ಆದ್ರೆ ಕೆಟ್ಟಿರೋ ಮಾಲಿನ ವಿಷಯವೇ ಬೇರೆ ಅಲ್ವಾ? ಇಷ್ಟ ಆಗದೇ ಇರೋದಕ್ಕೂ ಓಪನ್ನೇ ಆಗದೇ ಇರೋದಕ್ಕೂ ಒಂದೇ ಗಡಿಯಾರ ಇಟ್ಕೊಂಡು ಕೂತಿದಾರೆ, ನನ್ನ ತಕರಾರು ಅಷ್ಟೇ. 2020ರ ಡಿಸೆಂಬರಲ್ಲಿ ಸೈಬರ್‌ಪಂಕ್ 2077 ಅನ್ನೋ ಗೇಮು ಸೋನಿ ಕಂಪನಿಯ ಹಳೇ ಪ್ಲೇಸ್ಟೇಷನ್ ಮಷೀನ್‌ಗಳಲ್ಲಿ ಸರಿಯಾಗಿ ಓಡ್ತಾನೇ ಇರ್ಲಿಲ್ಲ, ದೊಡ್ಡ ಗಲಾಟೆ ಆಗಿ ಸೋನಿಯವರು ಅದನ್ನ ಸ್ಟೋರಿಂದಾನೇ ತೆಗೆದು, ಕೇಳಿದವರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂದ್ರು. ಅಂದ್ರೆ ಮನಸ್ಸು ಮಾಡಿದ್ರೆ ಆಗತ್ತೆ, ಅದಕ್ಕೆ ಪ್ರಪಂಚ ಪೂರ್ತಿ ಬೈಬೇಕು ಅಷ್ಟೇ. ನಾನು ನನ್ನಳಿಯ ಇಬ್ರೇ ಬೈದ್ರೆ ಯಾರು ಕೇಳ್ತಾರೆ.

ಆಸ್ಟ್ರೇಲಿಯಾದಲ್ಲಿ ಹಂಗಲ್ಲ. ಅಲ್ಲಿ ಗ್ರಾಹಕರ ಪರ ಇರೋ ಸರ್ಕಾರಿ ಆಯೋಗ 2014ರಲ್ಲೇ ಸ್ಟೀಮ್ ನಡೆಸೋ ವಾಲ್ವ್ ಕಂಪನಿ ಮೇಲೆ ಕೇಸ್ ಹಾಕ್ತು. ರಿಫಂಡ್ ಇಲ್ಲವೇ ಇಲ್ಲ ಅಂತ ಹೇಳಿ ಜನರ ದಾರಿ ತಪ್ಪಿಸಿದೀರ ಅಂತ ಕೋರ್ಟು 2016ರಲ್ಲಿ ತೀರ್ಪು ಕೊಟ್ಟು 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಜಡೀತು. ನಮ್ಮ ಕಂಪನಿ ಇರೋದು ಅಮೆರಿಕದಲ್ಲಿ, ನಿಮ್ಮ ಕಾನೂನು ನಮಗೆ ಹೊಂದಲ್ಲ ಅನ್ನೋ ವಾದ ನಡೀಲಿಲ್ಲ.

ನಮ್ಮಲ್ಲೂ ಕಾನೂನಿಲ್ಲ ಅಂತೇನಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಿದ್ರೆ, ದೋಷ ಇರೋ ಮಾಲು ವಾಪಸ್ ತಗೊಂಡು ದುಡ್ಡು ಕೊಡಲ್ಲ ಅನ್ನೋದೇ ಅನ್ಯಾಯದ ವ್ಯಾಪಾರ ಅಂತ ಇದೆ, ಬಿಲ್ಲಲ್ಲಿ ಅವಧಿ ಹಾಕಿಲ್ಲ ಅಂದ್ರೆ 30 ದಿನ ಅಂತಾನೂ ಇದೆ. 2020ರ ಇ-ಕಾಮರ್ಸ್ ನಿಯಮಗಳು ಡಿಜಿಟಲ್ ಮಾಲಿಗೂ ಅನ್ವಯ ಆಗತ್ತೆ. ಇದನ್ನೆಲ್ಲ ಬರೆದು ಮತ್ತೆ ಮೇಲ್ ಹಾಕಿದೆ, ಅದೇ ಕಾಪಿ-ಪೇಸ್ಟ್ ಉತ್ತರ, ಕೆಳಗಡೆ ಹೆಸರು ಮಾತ್ರ ಬೇರೆ.

ಸಿಟ್ಟು ನೆತ್ತಿಗೇರಿ 1915ಕ್ಕೆ ಫೋನ್ ಹಾಕಿದೆ, ಅದು ಗ್ರಾಹಕರ ಹೆಲ್ಪ್‌ಲೈನು, ಕನ್ನಡದಲ್ಲೇ ಮಾತಾಡ್ಬೋದು. ಆ ಕಡೆ ಇದ್ದ ಹೆಣ್ಣುಮಗಳು "ಸರ್, ಪ್ರಾಡಕ್ಟ್ ಏನು?" ಅಂದ್ರು, ಗೇಮ್ ಅಂದೆ, "ಬೋರ್ಡ್ ಗೇಮಾ ಸರ್?" ಅಂದ್ರು. ಇಲ್ಲಮ್ಮ, ಕಂಪ್ಯೂಟರ್ ಗೇಮು, ಡೌನ್‌ಲೋಡ್ ಮಾಡೋದು ಅಂತ ಹೇಳಿ, ಲಾಂಚರ್ ಕಥೆ, ಮುದುಕನ ಕಥೆ ಎಲ್ಲಾ ಹೇಳಿದೆ, ಪಾಪ ತಾಳ್ಮೆಯಿಂದ ಬರ್ಕೊಂಡು ಒಂದು ದೂರಿನ ನಂಬರ್ ಕೊಟ್ರು. ಅವರು ದೂರನ್ನ ಕಂಪನಿಗೆ ಕಳಿಸ್ತಾರೆ, ಅಲ್ಲಿಗೂ ಬಗೆಹರೀಲಿಲ್ಲ ಅಂದ್ರೆ ನಾವೇ ಗ್ರಾಹಕರ ಆಯೋಗಕ್ಕೆ ಹೋಗ್ಬೇಕು, 5 ಲಕ್ಷದೊಳಗಿನ ವಿಷಯಕ್ಕೆ ಫೀಸೂ ಇಲ್ಲ.

ಕೆಲವು ದಿನ ಬಿಟ್ಟು ಸ್ಟೋರಿಂದ ಮೇಲ್ ಬಂತು, ವಿಶೇಷ ಕೇಸ್ ಅಂತ ಪರಿಗಣಿಸಿ ಒಂದು ಸಲಕ್ಕೆ ಮಾತ್ರ ದುಡ್ಡನ್ನ ನಿಮ್ಮ ವಾಲೆಟ್‌ಗೆ ಹಾಕಿದೀವಿ ಅಂತ. ಬ್ಯಾಂಕಿಗಲ್ಲ, ವಾಲೆಟ್‌ಗೆ. ಅಂದ್ರೆ ಆ ದುಡ್ಡು ಅವರ ಅಂಗಡಿ ಬಾಗಿಲು ದಾಟಂಗಿಲ್ಲ. ಅಳಿಯ ಅಷ್ಟೊತ್ತಿಗೆ ಅವನೂರಿಗೆ ಹೋಗಿದ್ದ, ಫೋನ್ ಮಾಡಿ "ಬಿಡು ಮಾಮ, ಬೇರೆ ಗೇಮ್ ತಗೊಳ್ಳೋಣ, ಲಿಸ್ಟ್ ಕಳಿಸ್ತೀನಿ" ಅಂದ. ಇರೋ ಮಾರಾಯ ಅಂದೆ. ಹೆಲ್ಪ್‌ಲೈನಿಂದಾನೂ ಸಮಸ್ಯೆ ಬಗೆಹರೀತಾ ಅಂತ ಕೇಳಿದ್ರು, ಇಲ್ಲ ಅಂತಾನೇ ಹೇಳಿದೀನಿ, ಕಟ್ಟಿದ್ದು ಬ್ಯಾಂಕಿಂದ, ಬ್ಯಾಂಕಿಗೇ ಬರ್ಲಿ.