ತಿರುಗಿ ಕೂತ ಗಾಜು

ಗಾಜಿನ ಅಂಚಿನಲ್ಲಿದ್ದ ಪೆನ್ಸಿಲ್ ಗೀಟನ್ನು ನಾನು ಕೊಳೆ ಅಂದುಕೊಂಡಿದ್ದೆ. ಪುಣ್ಯಕ್ಕೆ ಉಜ್ಜಿ ತೆಗೆದಿರಲಿಲ್ಲ.

ಆ ಲೆನ್ಸು ಸಿಕ್ಕಿದ್ದು ಬೆಂಗಳೂರಿನ ಸಂಡೆ ಬಜಾರಿನಲ್ಲಿ, ಕೆಟ್ಟ ಮಿಕ್ಸಿ ಮೋಟಾರುಗಳ ರಾಶಿಯ ಪಕ್ಕ. ಹಿತ್ತಾಳೆಯದು, ದೊಡ್ಡ ಲೋಟದಷ್ಟು ಗಾತ್ರ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಹೆಸರಿಲ್ಲ, ನಂಬರಿಲ್ಲ. ಮಾರುವವನು ಪ್ರೊಜೆಕ್ಟರಿನದು ಅಂದ. ಲೆನ್ಸಿನ ಹೊಟ್ಟೆಯ ಮೇಲೊಂದು ಸಣ್ಣ ಸೀಳು ಕಂಡದ್ದೇ ನಾನು ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ. ತೂತಿರುವ ತಗಡನ್ನು ಆ ಸೀಳಿನಲ್ಲಿ ಇಳಿಸಿ ಬೆಳಕು ಕಡಿಮೆ ಮಾಡುವ ಉಪಾಯ 1858ರ ಸುಮಾರಿಗೆ ಬಂದದ್ದು. ಪ್ರೊಜೆಕ್ಟರಿಗೆ ಅದರ ಗೊಡವೆಯೇ ಇಲ್ಲ. ಅಂದರೆ ಇದು ಮುಖ ತೆಗೆಯುವ ಲೆನ್ಸು, ಪೆಟ್ಜ್ವಾಲ್ ಜಾತಿಯದು.

ಒಳಗೆಲ್ಲ ಬೂಷ್ಟು ಹಿಡಿದಿತ್ತು. ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಕೇರಳದ ಆಲಪ್ಪುಳದಲ್ಲಿ ಮಾಡಿದ ಹಳೇ ಮರದ ವಾಗೀಶ್ವರಿ ಕ್ಯಾಮೆರಾಕ್ಕೆ ಕೂರಿಸಿದೆ. ಆಮೇಲೆ ಆರು ತಿಂಗಳು ಸಿಕ್ಕಸಿಕ್ಕವರನ್ನೆಲ್ಲ ಕೂರಿಸಿ ತೆಗೆದದ್ದೇ ತೆಗೆದದ್ದು. ಮುಖವೆಲ್ಲ ಹಾಲಿನ ಕೆನೆಯ ಹಾಗೆ ಮೆತ್ತಗೆ ಬರುತ್ತಿತ್ತು, ಹಿಂದಿನ ಎಲೆಗಳು ಸುಳಿಸುಳಿಯಾಗಿ ತಿರುಗುತ್ತಿದ್ದವು. ಹಳೇ ಗಾಜಿನ ಕನಸುಗಾರಿಕೆ ಅಂತ ಎಲ್ಲರೆದುರು ಕೊಚ್ಚಿಕೊಂಡೆ.

ಜುಲೈನಲ್ಲಿ ಸಾಗರದ ಹತ್ತಿರದ ದೊಡ್ಡಮ್ಮನ ಮನೆಗೆ ಹೋದಾಗ ಕ್ಯಾಮೆರಾವನ್ನೂ ಹೊತ್ತುಕೊಂಡು ಹೋಗಿದ್ದೆ. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ದೊಡ್ಡಮ್ಮನನ್ನು ಜಗಲಿಯಲ್ಲಿ ಕೂರಿಸಿದೆ. ಆ ಹೊತ್ತಿಗೆ ಪಕ್ಕದ ಮನೆಯ ರಾಯರು ಕವಳ ಹಾಕಲು ಬಂದರು. ಪೇಟೆಯಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿ ಮುಚ್ಚಿದವರು. ಕೇಳದೆಯೇ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

"ಫೋಕಸ್ ಎಲ್ಲಿಗೆ ಮಾಡಿದೀಯ?"

"ಕಣ್ಣಿಗೆ."

"ಕಣ್ಣೇ ಕಾಣ್ತಾ ಇಲ್ವಲ್ಲೋ ಇಲ್ಲಿ."

ಪೆಟ್ಜ್ವಾಲ್ ಅಂದರೆ ಹೀಗೇ ಮೆತ್ತಗೆ ಬರುವುದು ಅಂತ ವಿವರಿಸಲು ಹೋದೆ. ರಾಯರು ಕವಳ ಉಗಿದು ಬಂದು, ಪಂಚೆಯಂಚಿನಲ್ಲಿ ಬೆರಳೊರೆಸಿ, "ಬಿಚ್ಚು" ಅಂದರು.

ನಾನು ಓದಿಕೊಂಡದ್ದೇ ನನಗೆ ತಿರುಗಿ ಬಡಿಯಿತು. ವಿಯೆನ್ನಾದ ಗಣಿತದ ಪ್ರೊಫೆಸರ್ ಜೋಸೆಫ್ ಪೆಟ್ಜ್ವಾಲ್ 1840ರಲ್ಲಿ ಈ ಲೆನ್ಸಿನ ಲೆಕ್ಕ ಹಾಕಿ, ಫಾಯ್ಗ್ಟ್‌ಲೆಂಡರ್ ಕಂಪನಿ ಅದನ್ನು ಮಾಡಿಕೊಟ್ಟಾಗ ಜನ ಬೆರಗಾದದ್ದು ಎರಡು ಕಾರಣಕ್ಕೆ. ಒಂದು, ಎಫ್ 3.6ರಷ್ಟು ಬಾಯಿ ತೆರೆದು ಬೆಳಕು ಕುಡಿಯುತ್ತಿತ್ತು. ಅದಕ್ಕೂ ಮುಂಚೆ ಮುಖ ತೆಗೆಸಿಕೊಳ್ಳಬೇಕಾದರೆ ಬಿಸಿಲಲ್ಲಿ ನಿಮಿಷಗಟ್ಟಲೆ ಕಲ್ಲಿನಂತೆ ಕೂರಬೇಕಿತ್ತು. ಎರಡನೆಯದು, ನಡುಮಧ್ಯದಲ್ಲಿ ಅದು ಕೊಡುತ್ತಿದ್ದ ಚೂಪು. ಅಂಚಿಗೆ ಹೋದಂತೆ ಕೆಡುತ್ತಿತ್ತು, ನಿಜ. ಆದರೆ ಆಗಿನ ಸ್ಟುಡಿಯೋದವರು ಚಿತ್ರ ಮೂಡುವ ಪ್ಲೇಟಿನ ಅಳತೆಗೆ ತಕ್ಕ ಲೆನ್ಸು ಹಾಕಿ, ಹಿಂದೆ ಪರದೆ ಕಟ್ಟಿ, ಆ ಐಬನ್ನು ಮುಚ್ಚಿಡುತ್ತಿದ್ದರು. ಹಾಫ್ ಪ್ಲೇಟಿನ ಲೆನ್ಸನ್ನು ಫುಲ್ ಪ್ಲೇಟಿಗೆ ಹಾಕಿ, ಹಿಂದೆ ಗಿಡಮರ ಇಟ್ಟು, ಆ ಐಬನ್ನೇ ಹಾಡಿ ಹೊಗಳುವವರು ನಾವು.

ಬೈರಾಸದ ಮೇಲೆ ಹಿಂದಿನ ಭಾಗ ಬಿಚ್ಚಿದೆವು. ಮುಂದಿನ ಜೋಡಿ ಅಂಟಿಸಿದ್ದು, ಅದು ತಪ್ಪುವ ಹಾಗಿಲ್ಲ. ಹಿಂದಿನದು ಎರಡು ಬಿಡಿ ಗಾಜು, ನಡುವೆ ಬಳೆಯಂಥ ಹಿತ್ತಾಳೆ ಉಂಗುರ. ರಾಯರು ತೆಳುವಾದ ಗಾಜನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಬೆಳಕಿಗೆ ತಿರುಗಿಸಿದರು. ಅಂಚಿನ ಮಬ್ಬು ಮೈಮೇಲೆ ಇರುವೆ ಕಾಲಿನಷ್ಟು ಸಣ್ಣ ಪೆನ್ಸಿಲ್ ಬಾಣ. ಗಾಜು ಉಜ್ಜಿದವನು ಯಾವ ಊರಲ್ಲೋ ಕೂತು, ಮುಂದೆ ಯಾವ ಕಡೆ ಅಂತ ಗುರುತು ಹಾಕಿ ಬಿಟ್ಟದ್ದು. ನಾನು ಆರು ತಿಂಗಳು ಅದನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದ್ದೆ.

ತಿರುಗಿಸಿ ಹಾಕಿ ಬಟ್ಟೆಯೊಳಗೆ ಹೋದೆ. ಕ್ಯಾಮೆರಾದ ಹಿಂದಿನ ಮಬ್ಬು ಗಾಜು, ಗ್ರೌಂಡ್ ಗ್ಲಾಸಿನ ಮೇಲೆ ತಲೆಕೆಳಗಾದ ದೊಡ್ಡಮ್ಮ, ಒಂದೊಂದು ರೆಪ್ಪೆಗೂದಲೂ ಬೇರೆಬೇರೆ. ಮೈ ಜುಮ್ಮೆಂದಿತು, ನಾಚಿಕೆಯೂ ಆಯಿತು.

ಈ ಲೆನ್ಸಿಗೆ ಶಟರ್ ಇಲ್ಲ, ಮುಚ್ಚಳವೇ ಶಟರ್. ಫಿಲ್ಮಿನ ಬದಲು ಎಕ್ಸ್-ರೇ ಶೀಟು. ಅಗ್ಗ, ಕೆಂಪು ದೀಪದಲ್ಲಿ ಕತ್ತರಿಸಿಕೊಳ್ಳಬಹುದು. ಮಳೆಗಾಲದ ಜಗಲಿಯ ಬೆಳಕಿಗೆ ಒಂದು ಸೆಕೆಂಡು ಬೇಕು. ರಾಯರು ದೊಡ್ಡಮ್ಮನ ತಲೆಯನ್ನು ಕಂಬಕ್ಕೆ ಒರಗಿಸಿ, ಮುಖವನ್ನು ಸ್ವಲ್ಪ ಹೊರಳಿಸಿದರು.

"ಎಷ್ಟೊತ್ತೋ ಮಾಣಿ, ಒಲೆ ಮೇಲೆ ಹಾಲಿದೆ."

"ಒಂದೇ ಒಂದು ಉಸಿರು ದೊಡ್ಡಮ್ಮ."

ಮುಚ್ಚಳ ತೆಗೆದೆ, ಮುಚ್ಚಿದೆ. ಹಾಲು ಉಕ್ಕಿತ್ತು.

ರಾತ್ರಿ ಬಚ್ಚಲುಮನೆಯಲ್ಲಿ ತೊಳೆದೆ. ಎಕ್ಸ್-ರೇ ಶೀಟಿನ ಎರಡೂ ಮೈಗೆ ಮದ್ದು ಬಳಿದಿರುತ್ತದೆ, ಟ್ರೇ ತಳ ತಾಗಿದರೂ ಗೀರು. ಹಸುಗೂಸಿಗೆ ಎರೆದ ಹಾಗೆ ಮಾಡಬೇಕು. ಆ ಥಂಡಿಯಲ್ಲಿ ಒಣಗುವ ಹೊತ್ತಿಗೆ ಬೆಳಗಾಯಿತು. ನೆಗೆಟಿವನ್ನು ಕಿಟಕಿಗೆ ಹಿಡಿದು, ಮೊಬೈಲಿನಲ್ಲಿ ತೆಗೆದು, ಉಲ್ಟಾ ಮಾಡಿ ತೋರಿಸಿದೆ. ಈ ಶೀಟಿಗೆ ಕೆಂಪು ಕಾಣುವುದಿಲ್ಲವಾದ್ದರಿಂದ ಕುಂಕುಮ ಮಸಿಬೊಟ್ಟಾಗಿತ್ತು. ದೊಡ್ಡಮ್ಮ ಅದಕ್ಕೆ ಬಯ್ಯುತ್ತಾಳೆ ಅಂದುಕೊಂಡೆ. ಅವಳು ಕನ್ನಡಕ ಏರಿಸಿ, ಚಿತ್ರ ದೊಡ್ಡದು ಮಾಡಿಸಿ, ಮೂಗಿನ ಹತ್ತಿರ ನಿಲ್ಲಿಸಿದಳು. ಬಾಯಲ್ಲೇ ಎಣಿಸಿದಳು. ಕೈ ಮೂಗುಬೊಟ್ಟಿಗೆ ಹೋಯಿತು.

"ಏಳು ಹರಳು ಇರಬೇಕಿತ್ತಲ್ಲೋ. ಆರೇ ಇದೆ!"

ಮನೆಯವರೆಲ್ಲ ಟಾರ್ಚು ಹಿಡಿದು ಒಲೆಕಟ್ಟೆ, ದೇವರ ಕೋಣೆ, ಕೊಟ್ಟಿಗೆ ಅಂತ ಹುಡುಕತೊಡಗಿದರು. ಹರಳು ಬಿದ್ದದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. "ಯುಗಾದಿಗೆ ಬಂದಾಗಲೂ ತೆಗ್ದಿದ್ಯಲ್ಲ, ಅದ್ರಲ್ಲಿ ನೋಡು" ಅಂದಳು ದೊಡ್ಡಮ್ಮ. ಮೊಬೈಲಿನಲ್ಲಿ ಹುಡುಕಿ ತೆಗೆದೆ. ಅಂಗಳದ ದಾಸವಾಳ ಸುಳಿಸುಳಿಯಾಗಿ ಸುತ್ತುತ್ತಿತ್ತು, ನಡುವೆ ದೊಡ್ಡಮ್ಮನ ಮೆತ್ತನೆಯ ಮುಖ. ಮೂಗಿನ ಮೇಲೊಂದು ಬೆಳ್ಳನೆಯ ಚುಕ್ಕೆ.